ಎಳೆಯ ಪಕ್ಕದ ಬಿಳಿ ಗೆರೆ

“ಗುರುಗಳ, ಕ್ಯಾಮೆರಾದಾಗ ಡೀಟೇಲ್ ಅಂಕಿ ಎಷ್ಟಕ್ಕ ಇಟ್ರ ಬರೋಬ್ಬರಿ?”

ಪದ್ಮಣ್ಣ ಹೀಗೆ ಕೇಳಿದ್ದು ರಾಚಪ್ಪ ಮಾಸ್ತರರನ್ನು. ಮಾಸ್ತರರು ಧಾರವಾಡದಲ್ಲಿ ಮೂವತ್ತು ವರ್ಷ ವಿಡಿಯೊ ಕಲಿಸಿದವರು. ಪದ್ಮಣ್ಣ ಅವರ ಬಳಿ ಕಲಿತು ಈಗ ಸ್ವಂತ ಸ್ಟುಡಿಯೊ ಇಟ್ಟುಕೊಂಡಿದ್ದ. ಆ ದಿನ ಅವನು ಎರಡು ತುಣುಕು ತಂದು ಗುರುಗಳ ಟಿವಿಯಲ್ಲಿ ಅಕ್ಕಪಕ್ಕ ಹಾಕಿ ತೋರಿಸಿದ. ಒಂದೇ ಕೋಣೆ, ಒಂದೇ ದೀಪ, ಎರಡು ಕ್ಯಾಮೆರಾ.

ಡೀಟೇಲ್ ಎಂದರೆ ಏನೆಂದು ಇಬ್ಬರಿಗೂ ಗೊತ್ತು. ಚಿತ್ರದಲ್ಲಿ ಕಪ್ಪೂ ಬಿಳುಪೂ ಕೂಡುವ ಕಡೆಯಲ್ಲೆಲ್ಲ ಕ್ಯಾಮೆರಾ ತಾನಾಗಿಯೇ ಒಂದು ತೆಳು ಗೆರೆ ಎಳೆಯುತ್ತದೆ. ಅಂಕಿ ಏರಿಸಿದಷ್ಟೂ ಗೆರೆ ದಪ್ಪವಾಗುತ್ತದೆ, ಚಿತ್ರ ಚೂಪಾಗಿ ಕಾಣುತ್ತದೆ. ಅದರಿಂದ ಕಾಣದೆ ಇದ್ದದ್ದೇನೂ ಕಾಣುವುದಿಲ್ಲ. ಕಂಡದ್ದರ ಅಂಚಿಗೆ ಗೆರೆ ಬೀಳುತ್ತದೆ, ಅಷ್ಟೆ.

ಪದ್ಮಣ್ಣನ ತಕರಾರು ಇದು. ಊರಿನ ಕೇಬಲ್ ಚಾನೆಲ್ಲಿಗೆ ವಾರ್ತೆ ಓದುವವರು ಬೇಕಾಗಿದ್ದರು. ಇಬ್ಬರು ಹೆಣ್ಣುಮಕ್ಕಳು ಬಂದು ಓದಿದರು, ಅವನು ಚಿತ್ರ ತೆಗೆದ. ಮೊದಲು ಓದಿದವಳು ನೀಲವೇಣಿ. ಅವಳನ್ನು ತೆಗೆದದ್ದು ಹಳೆಯ ಕ್ಯಾಮೆರಾದಲ್ಲಿ. ಹಿಂದಿನ ವಾರದ ಮದುವೆಗೆಂದು ಅದರ ಡೀಟೇಲನ್ನು ಏಳಕ್ಕೆ ಏರಿಸಿದ್ದ, ಇಳಿಸುವುದನ್ನು ಮರೆತಿದ್ದ. ನಡುವೆ ಬ್ಯಾಟರಿ ಮುಗಿಯಿತು. ಎರಡನೆಯವಳನ್ನು ಹೊಸ ಕ್ಯಾಮೆರಾದಲ್ಲಿ ತೆಗೆದ, ಅದು ಸೊನ್ನೆಯಲ್ಲಿತ್ತು. ಚಾನೆಲ್ಲಿನ ಯಜಮಾನ ಎರಡನ್ನೂ ಅಕ್ಕಪಕ್ಕ ನೋಡಿ, ಓದೇನೋ ನೀಲವೇಣಿಯದೇ ಚೆಂದ, ಆದರೆ ಮುಖ ಒರಟು, ಕಲೆ ಬಹಳ ಎಂದ. ಎರಡನೆಯವಳಿಗೆ ಸೋಮವಾರ ಕೆಲಸದ ಪತ್ರ ಕೊಡುವುದೆಂದು ತೀರ್ಮಾನವಾಯಿತು. ಪದ್ಮಣ್ಣ ಗುರುಗಳ ಬಳಿ ಬಂದದ್ದು ಶುಕ್ರವಾರ.

ಪದ್ಮಣ್ಣನಿಗೆ ಸಿಟ್ಟು ಬಂದದ್ದು ಜನರ ಮೇಲೆ. ಮದುವೆಯ ಚಿತ್ರ ಸೊನ್ನೆಯಲ್ಲಿ ತೆಗೆದುಕೊಟ್ಟರೆ ಸಪ್ಪೆ ಎನ್ನುತ್ತಾರೆ, ಏಳರಲ್ಲಿ ತೆಗೆದರೆ ಹಣೆಯ ಮೇಲೆ ಗೆರೆ ಯಾಕೆ ಎನ್ನುತ್ತಾರೆ. ಯಾವುದಾದರೂ ಒಂದು ಅಂಕಿ ಹೇಳಿಬಿಡಿ, ಇನ್ನು ಮುಂದೆ ಅದರ ಮೇಲಿಂದ ಕೈ ತೆಗೆಯುವುದಿಲ್ಲ ಎಂದ. ಮಾತಿನ ನಡುವೆ ಇನ್ನೊಂದು ವಿಷಯವೂ ಬಂತು. ನಿನ್ನೆ ಬೆಳಿಗ್ಗೆ ನೀಲವೇಣಿ ಸ್ಟುಡಿಯೊ ಬಾಗಿಲಿಗೆ ಬಂದು, ತನ್ನಲ್ಲಿ ಏನು ಕೊರತೆ ಕಂಡಿತು ಎಂದು ಕೇಳಿದ್ದಳು. ಯಜಮಾನರನ್ನು ಕೇಳು ಎಂದು ಹೇಳಿ ಇವನು ಒಳಗೆ ಹೋಗಿದ್ದ. ಅಂಗಿಯ ಮೇಲಿನ ಧೂಳು ಕೊಡವಿದಷ್ಟು ಹಗುರವಾಗಿ ಅದನ್ನು ಹೇಳಿ, ಮತ್ತೆ ಅಂಕಿಯ ಮಾತಿಗೆ ಬಂದ.

ಮಾಸ್ತರರು ಟಿವಿ ಆರಿಸಿದರು. ಒಂದು ಕತೆ ಇದೆ, ಕೇಳು ಎಂದರು.

ಒಂದು ಊರಿನಲ್ಲಿ ಕಸೂತಿಯವಳೊಬ್ಬಳಿದ್ದಳು. ಕಸೂತಿ ಅರ್ಧ ಸೂಜಿಯ ಕೆಲಸ, ಅರ್ಧ ಎಣಿಕೆಯ ಕೆಲಸ. ಬಟ್ಟೆಗೆ ಪೆನ್ಸಿಲ್ಲಾಗಲಿ ಬಳಪವಾಗಲಿ ಮುಟ್ಟಿಸುವಂತಿಲ್ಲ. ಬಟ್ಟೆಯ ಎಳೆಗಳನ್ನೇ ಎಣಿಸಬೇಕು. ನಾಲ್ಕು ಎಳೆ ಹಿಡಿದು, ನಾಲ್ಕು ಬಿಟ್ಟು, ಹೋಗುತ್ತಾ ಗೋಪುರದ ಚಿತ್ತಾರವನ್ನು ಅರ್ಧ ಹಾಕಬೇಕು. ಬಿಟ್ಟಲ್ಲಿ ತುಂಬುತ್ತಾ ತಿರುಗಿ ಬಂದರೆ ಗೋಪುರ ಪೂರ್ತಿಯಾಗುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಸೀರೆಯನ್ನು ತಿರುವಿ ನೋಡಿದರೆ ಒಳಮೈ ಯಾವುದು ಹೊರಮೈ ಯಾವುದು ಎಂದು ತಿಳಿಯಬಾರದು. ಒಂದು ಎಳೆ ಎಣಿಕೆ ತಪ್ಪಿದರೆ ಆ ಸಾಲನ್ನು ಪೂರಾ ಬಿಚ್ಚಬೇಕು.

ಅವಳು ಬಿಚ್ಚುತ್ತಿದ್ದಳು. ಯಾರ ಕಣ್ಣಿಗೂ ಬೀಳದ ತಪ್ಪಿಗಾಗಿ ಮೂರು ದಿನದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿಹಾಕುತ್ತಿದ್ದಳು. ಅವಳ ಓಣಿಯ ಹದಿನಾಲ್ಕು ಹೆಂಗಸರು ಅವಳ ಕೈಕೆಳಗೆ ಕಲಿತವರು. ಅವರೆಲ್ಲರಿಗೂ ಕೆಲಸ ಬರುತ್ತಿದ್ದದ್ದು ಅವಳ ಹೆಸರಿನ ಮೇಲೆ. ಅವಳ ಮನೆಯಿಂದ ಬಂದದ್ದು ಎಂದರೆ ಎಣಿಸಿ ಹಾಕಿದ್ದು ಎಂದೇ ಅರ್ಥ. ಯಾರೂ ತಿರುವಿ ನೋಡುತ್ತಿರಲಿಲ್ಲ.

ಪೇಟೆಯಲ್ಲಿ ಬೇರೆ ಥರದ ಕಸೂತಿಯೂ ಸಿಗುತ್ತಿತ್ತು. ಬಳಪದಲ್ಲಿ ಗೋಪುರ ಬರೆದುಕೊಂಡು, ಆ ಗೆರೆಯ ಮೇಲೆ ಸೂಜಿ ಓಡಿಸಿ, ಆಮೇಲೆ ಗೆರೆ ಝಾಡಿಸಿಬಿಟ್ಟರೆ ಆಯಿತು. ಹದಿನೈದು ದಿನದಲ್ಲಿ ಸೀರೆ ಮುಗಿಯುತ್ತದೆ. ಅಂಥದಕ್ಕೆ ಓಣಿಯವರು ಗೆರೆ ಕೆಲಸ ಎನ್ನುತ್ತಿದ್ದರು. ಆ ಓಣಿಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ನಿನ್ನ ಸಾರಿನಲ್ಲಿ ಉಪ್ಪಿಲ್ಲ ಎನ್ನಬಹುದಾಗಿತ್ತು, ನಿನ್ನ ಮಗ ಸೋಮಾರಿ ಎನ್ನಬಹುದಾಗಿತ್ತು. ನಿನ್ನದು ಗೆರೆ ಕೆಲಸ ಎಂದರೆ ಮಾತ್ರ ಜಗಳ ಬೀದಿಗೆ ಬರುತ್ತಿತ್ತು.

ಒಬ್ಬ ವ್ಯಾಪಾರಿ ಬಂದ. ದೂರದ ಊರಿನವರಿಗೆ ವಿಡಿಯೊದಲ್ಲಿ ಸೀರೆ ತೋರಿಸಿ ಮಾರುವವನು. ಒಂದು ಸೀರೆ ಮಾಡಿಕೊಡು, ಮೆಚ್ಚುಗೆಯಾದರೆ ನಿನ್ನ ಓಣಿಗೆ ಎರಡು ವರ್ಷದ ಕೆಲಸ ಎಂದ. ಹದಿನಾಲ್ಕು ಮನೆಗೆ ಎರಡು ವರ್ಷ ಎಂದರೆ ಸಣ್ಣ ಮಾತಲ್ಲ. ಅವಳು ಒಪ್ಪಿದಳು. ಜೇನುಬಣ್ಣದ ಸೀರೆ, ಕಡುನೀಲಿ ರೇಷ್ಮೆ ಎಳೆ. ಸೆರಗಿನ ಉದ್ದಕ್ಕೂ ಗೋಪುರ, ಗೋಪುರದ ಕಾಲ ಬಳಿ ತುಳಸಿಕಟ್ಟೆ. ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಅವಳು ಯಾರ ಮನೆಯ ಅರಿಸಿನ ಕುಂಕುಮಕ್ಕೂ ಹೋಗಲಿಲ್ಲ, ಎಣಿಕೆ ಎಲ್ಲಿ ತಪ್ಪುತ್ತದೋ ಎಂದು ಊಟದ ಹೊತ್ತಿನಲ್ಲೂ ಮಾತಾಡಲಿಲ್ಲ.

ಸೀರೆ ಮುಗಿದ ದಿನ ಅವಳೇ ಅದನ್ನು ವ್ಯಾಪಾರಿಯ ಅಂಗಡಿಗೆ ಒಯ್ದಳು. ಅಲ್ಲಿ ಒಬ್ಬ ವಿಡಿಯೊದವನಿದ್ದ. ಕೆಲಸ ಬಲ್ಲವನು. ಸೀರೆಯನ್ನು ಮೇಜಿನ ಮೇಲೆ ಹರಡಿ, ಸುಕ್ಕು ತೆಗೆದು, ದೀಪ ಹೊಂದಿಸಿ, ಒಂದೇ ಗೋಪುರವನ್ನು ನಾಲ್ಕು ಸಲ ತೆಗೆದ. ಅವಳು ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಒಂದೊಂದು ಸಲ ತೆಗೆಯುವಾಗಲೂ ಅವನು ಒಂದು ಅಂಕಿ ಹೇಳುತ್ತಿದ್ದ. ಸೊನ್ನೆ, ಎರಡು, ನಾಲ್ಕು, ಏಳು. ತಾನು ಎಳೆ ಎಣಿಸುವ ಹಾಗೆ ಇವನೂ ಏನನ್ನೋ ಎಣಿಸುತ್ತಾನೆ, ಪಾಪ, ಶ್ರದ್ಧೆಯವನು ಎಂದುಕೊಂಡಳು.

ನಾಲ್ಕನ್ನೂ ಟಿವಿಯಲ್ಲಿ ಹಾಕಿ ವ್ಯಾಪಾರಿಗೆ ತೋರಿಸಿದ. ಸೊನ್ನೆಯದು ಸೀರೆ ಹೇಗಿತ್ತೋ ಹಾಗಿತ್ತು. ವ್ಯಾಪಾರಿ ಮೂಗು ಮುರಿದ. ಎರಡು ಪರವಾಗಿಲ್ಲ ಎಂದ, ನಾಲ್ಕಕ್ಕೆ ತಲೆದೂಗಿದ. ಏಳಕ್ಕೆ ಬಂದಾಗ ಕುರ್ಚಿಯಿಂದ ಎದ್ದ. ಒಂದೊಂದು ಹೊಲಿಗೆಯೂ ಕೈಯಲ್ಲಿ ಹೆಕ್ಕಬಹುದು ಅನ್ನುವ ಹಾಗೆ ಎದ್ದು ನಿಂತಿತ್ತು. ಇದು ಅಸಲಿ ಚಿತ್ರ, ಇದನ್ನೇ ಇಡು ಎಂದ. ಸ್ವಲ್ಪ ಹೆಚ್ಚಾಯಿತೇನೋ ಎಂದು ವಿಡಿಯೊದವನು ಗೊಣಗಿದ್ದು ಅವಳ ಕಿವಿಗೆ ಬಿತ್ತು. ವ್ಯಾಪಾರಿ ಕೈ ಬೀಸಿದ. ವಿಡಿಯೊದವನು ಸುಮ್ಮನಾದ. ನಮ್ಮಪ್ಪನ ಗಂಟೇನು ಹೋಗುತ್ತದೆ ಎಂದುಕೊಂಡಿರಬೇಕು.

ಎಂಟು ದಿನ ಬಿಟ್ಟು ಕರೆ ಬಂತು. ಕೆಲಸ ಹಂಚಿಕೊಡಲು ಕರೆದಿರಬೇಕು ಎಂದು ಅವಳು ಹದಿನಾಲ್ಕು ಜನರನ್ನೂ ಕರೆದುಕೊಂಡು ಹೋದಳು. ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು. ಒಬ್ಬಳು ಅಂಗಡಿಯವರಿಗೆಂದು ಡಬ್ಬಿಯಲ್ಲಿ ಉಂಡಿ ಕಟ್ಟಿಕೊಂಡು ಬಂದಿದ್ದಳು.

ಟಿವಿಯ ಮೇಲೆ ಅವಳ ಗೋಪುರ ಇತ್ತು, ಗೋಡೆಯಷ್ಟು ದೊಡ್ಡದಾಗಿ. ವ್ಯಾಪಾರಿ ಕೂರಿ ಎನ್ನಲಿಲ್ಲ. ಒಂದು ಕೋಲು ತೆಗೆದುಕೊಂಡು ನೀಲಿ ಹೊಲಿಗೆಯ ಪಕ್ಕದಲ್ಲಿ ಇಟ್ಟ. ಅಲ್ಲಿ, ಎಳೆಯ ಎರಡೂ ಬದಿಗೆ, ಒಂದು ಸಣ್ಣ ಬಿಳಿ ಗೆರೆ ಎಳೆಯ ಜೊತೆಗೇ ಹೋಗುತ್ತಿತ್ತು. ಎಳೆ ತಿರುಗಿದಲ್ಲಿ ಗೆರೆಯೂ ತಿರುಗುತ್ತಿತ್ತು. ಇದೇನು ಎಂದು ಕೇಳಿದ. ಅವಳಿಗೂ ಗೊತ್ತಾಗಲಿಲ್ಲ. ಅವನಿಗೆ ಗೊತ್ತಿತ್ತಂತೆ. ಇದು ಬಳಪ ಎಂದ. ಬರೆದುಕೊಂಡು ಹೊಲಿದಿದ್ದೀಯ, ಝಾಡಿಸುವಾಗ ಪೂರಾ ಹೋಗಿಲ್ಲ. ನಿನ್ನದು ಗೆರೆ ಕೆಲಸ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಅವನ ಮುಖ ನೋಡಿದಳು. ಮೈಯೆಲ್ಲ ಉರಿದುಹೋಯಿತು.

ಸೀರೆ ಎಲ್ಲಿತ್ತು ಗೊತ್ತೇ ಪದ್ಮಣ್ಣ? ಅವನ ಮುಂದಿನ ಮೇಜಿನ ಮೇಲಿತ್ತು. ಒಂದು ಗೇಣು ದೂರ. ಕೈ ಚಾಚಿದರೆ ಸಿಗುತ್ತಿತ್ತು. ಐದು ತಿಂಗಳ ಕೆಲಸ ಮೂಗಿನ ಕೆಳಗೆ ಬಿದ್ದಿರುವಾಗ ಅವನು ಗೋಡೆಯ ಮೇಲಿನ ಬೆಳಕನ್ನು ಕೋಲಿನಿಂದ ತಿವಿಯುತ್ತಾ ನಿಂತಿದ್ದ. ಅವಳು ಸೀರೆ ಎತ್ತಿ ಅವನ ಕೈಗೆ ಕೊಟ್ಟು ನೋಡು ಎಂದಳು. ನೋಡಿದ. ಹೆಬ್ಬೆರಳಿನಿಂದ ಉಜ್ಜಿದ. ಹೆಬ್ಬೆರಳಿಗೆ ಏನೂ ಹತ್ತಲಿಲ್ಲ. ಹಾಗಾದರೆ ಒಗೆದಿದ್ದೀಯ ಎಂದ. ಮಗ್ಗದ ಗಂಜಿ ಇನ್ನೂ ಸೀರೆಯಲ್ಲೇ ಇದೆ, ಮುಟ್ಟಿ ನೋಡು, ಒಗೆದರೆ ಬಳಪಕ್ಕಿಂತ ಮೊದಲು ಗಂಜಿ ಹೋಗುತ್ತದೆ ಎಂದಳು. ಬಟ್ಟೆಯ ವ್ಯಾಪಾರಿಗೆ ಅಷ್ಟು ತಿಳಿಯದೇ? ತಿಳಿದಿತ್ತು. ಆದರೆ ಕೋಲು ಎತ್ತಿದ ಮೇಲೆ ಇಳಿಸುವುದು ಕಷ್ಟ. ಕಣ್ಣು ಮೋಸ ಹೋಗುತ್ತದೆ, ಕ್ಯಾಮೆರಾ ಮೋಸ ಹೋಗುವುದಿಲ್ಲ ಎಂದುಬಿಟ್ಟ.

ಅವಳು ವಿಡಿಯೊದವನ ಕಡೆ ನೋಡಿದಳು. ಅವನು ಟಿವಿಯ ಪಕ್ಕ ನಿಂತು ಒಂದು ವಯರನ್ನು ಕೈಗೆ ಸುತ್ತಿಕೊಳ್ಳುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

ಆಗ ವ್ಯಾಪಾರಿಗೆ ದೊಡ್ಡ ಮನಸ್ಸು ಬಂತು. ಪಾಪ, ಬಡವರು, ಮಾಡಿದ್ದೀರಿ, ಇರಲಿ ಬಿಡಿ ಎಂದ. ಗೆರೆ ಕೆಲಸ ಎಂದು ಒಂದು ಚೀಟಿಯ ಮೇಲೆ ಸಹಿ ಹಾಕಿಕೊಡು, ಗೆರೆ ಕೆಲಸ ಎಂದೇ ಇಟ್ಟುಕೊಳ್ಳುತ್ತೇನೆ, ನಿಮ್ಮ ಓಣಿಗೂ ಅಂಥದೇ ಕೆಲಸ ಕೊಡುತ್ತೇನೆ ಎಂದ. ಕಪಾಳಕ್ಕೆ ಹೊಡೆದು ಅರಿಸಿನ ಹಚ್ಚಲು ಬಂದವನ ಧಾಟಿ ಅದು. ಬೈಗುಳವನ್ನು ಸಹಿಸಬಹುದು. ಈ ಕರುಣೆಯನ್ನು ಸಹಿಸುವುದು ಹೇಗೆ?

ಅದಕ್ಕಿಂತ ಹೆಚ್ಚಿನದು ಆಮೇಲೆ ಬಂತು. ಉಂಡಿಯ ಡಬ್ಬಿ ಹಿಡಿದಿದ್ದವಳು ಅವಳ ಬಳಿ ಹನ್ನೊಂದು ವರ್ಷ ಕಲಿತವಳು. ಅವಳು ಟಿವಿ ನೋಡಿದಳು, ಸೀರೆ ನೋಡಲಿಲ್ಲ. ಮೆಲ್ಲಗೆ ಹತ್ತಿರ ಬಂದು, ಕಡೆಕಡೆಗೆ ಕಣ್ಣು ಮಂಜಾಗಿ ಎಲ್ಲೋ ಒಂದು ಕಡೆ ಗೆರೆ ಹಾಕಿಕೊಂಡಿದ್ದೆಯೇನು ಅಕ್ಕಾ ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅದೇ ಕಸೂತಿಯವಳ ಎದೆಗೆ ನಾಟಿತು. ವ್ಯಾಪಾರಿ ಹೇಳಿದ್ದು ವ್ಯಾಪಾರಿಯ ಮಾತು. ಇವಳು ಎದುರಿಗೆ ಕೂತು, ಬಿಚ್ಚಿದ ಎಳೆಗಳನ್ನೆಲ್ಲ ಕೈಯಾರೆ ಉಂಡೆ ಸುತ್ತಿದವಳು. ಇವಳಿಗೇ ಅನುಮಾನ ಬಂದರೆ ಇನ್ನು ಊರಿನಲ್ಲಿ ಯಾರ ಬಾಯಿ ಮುಚ್ಚಿಸುವುದು?

ಅವಳು ಅಳಲಿಲ್ಲ. ಅಳುವಷ್ಟು ಬಿಡುವು ಅವಳ ಸಿಟ್ಟಿಗೆ ಇರಲಿಲ್ಲ. ಸೊಂಟದ ಚೀಲದಿಂದ ಅದೇ ನೀಲಿ ರೇಷ್ಮೆಯ ಒಂದು ಎಳೆ ಎಳೆದಳು. ಅಂಗಡಿಯ ಬಾಗಿಲಿನಲ್ಲಿ ನಿಂತು, ಎಳೆಯ ಒಂದು ತುದಿಯನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು, ಬಿಗಿಯಾಗಿ ಜಗ್ಗಿ ಮುಖದ ಮುಂದೆ ಚಾಚಿದಳು. ಅವಳ ಹಿಂದೆ ರಸ್ತೆ, ರಸ್ತೆಯ ಆಚೆ ಎದುರು ಮನೆಯ ಮಣ್ಣಿನ ಬಣ್ಣದ ಗೋಡೆ. ಎಳೆ ಗಾಳಿಯಲ್ಲಿತ್ತು. ವಿಡಿಯೊದವನಿಗೆ, ಇದನ್ನು ತೆಗಿ, ಆವತ್ತು ಕಡೆಗೆ ಏಳು ಅಂದಿಯಲ್ಲ, ಆ ಏಳರಲ್ಲೇ ತೆಗಿ ಎಂದಳು.

ಅವನು ಕ್ಯಾಮೆರಾ ಎತ್ತಿ ಅಂಕಿಯನ್ನು ಏಳಕ್ಕೆ ಇಟ್ಟ. ತೆಗೆದ. ಟಿವಿಗೆ ಹಾಕಿದ. ಗೋಡೆಯಷ್ಟು ಅಗಲಕ್ಕೆ ಒಂದು ನೀಲಿ ಎಳೆ ಕಂಡಿತು. ಅದರ ಮೇಲೊಂದು ಬಿಳಿ ಗೆರೆ, ಕೆಳಗೊಂದು ಬಿಳಿ ಗೆರೆ. ಎಳೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಎಳೆ ಹಿಡಿದ ಅವಳ ಬೆರಳಿನ ಅಂಚಿಗೂ ಅದೇ ಗೆರೆ ಬಿದ್ದಿತ್ತು.

ಅವಳು ಎಳೆಯನ್ನು ಇಳಿಸದೆ ವ್ಯಾಪಾರಿಯನ್ನು ಕೇಳಿದಳು.

“ಇದರ ಕೆಳಗ ಬಟ್ಟಿ ಇಲ್ಲ. ಬಳಪ ಎದರ ಮ್ಯಾಲ ಕೊರದೆ ನಾನು? ಗಾಳಿ ಮ್ಯಾಲೇನು?”

ವ್ಯಾಪಾರಿ ಕೋಲನ್ನು ಮೇಜಿನ ಮೇಲೆ ಇಟ್ಟ. ಅವಳು ವಿಡಿಯೊದವನ ಕಡೆ ತಿರುಗಿದಳು. ಅವನನ್ನು ಕೇಳಿದ ದನಿ ಮೆತ್ತಗಿತ್ತು.

“ನಿನಗ ಗೊತ್ತಿತ್ತೇನಪಾ?”

“ಗೊತ್ತಿತ್ರಿ. ಅದು ಕ್ಯಾಮೆರಾ ಹಾಕೂ ಗೆರಿ. ಅಂಕಿ ಇಳಿಸಿದ್ರ ಹೋಗತೈತಿ.”

ಅವನಿಗೆ ಗೊತ್ತಿತ್ತು. ಕೋಲು ಮೊದಲ ಸಲ ಗೆರೆಯ ಮೇಲೆ ಇಳಿದಾಗ ಗೊತ್ತಿತ್ತು. ಬಳಪ ಎಂಬ ಮಾತು ಬಂದಾಗ ಗೊತ್ತಿತ್ತು. ಒಗೆದಿದ್ದೀಯ ಎಂದಾಗ, ಸಹಿ ಹಾಕು ಎಂದಾಗ, ಉಂಡಿಯವಳು ಬಾಯಿ ತೆರೆದಾಗ, ಅಷ್ಟೂ ಹೊತ್ತು ಗೊತ್ತಿತ್ತು. ಇವೆಲ್ಲವನ್ನೂ ನಿಲ್ಲಿಸಲು ಬೇಕಾಗಿದ್ದ ಮಾತು ಎಷ್ಟು ಉದ್ದ? ಈಗ ಅವನು ಆಡಿದನಲ್ಲ, ಅಷ್ಟೇ ಉದ್ದ. ಅದನ್ನು ಆಡಿದರೆ ತನ್ನ ಚಿತ್ರವೇ ಸುಳ್ಳು ಎಂದಾಗುತ್ತದೆ, ನಾಳೆಯಿಂದ ಈ ಅಂಗಡಿಯ ಕೆಲಸ ಸಿಗುವುದಿಲ್ಲ ಎಂದು ಅವನು ವಯರು ಸುತ್ತುತ್ತಾ ನಿಂತಿದ್ದ. ತಾನು ಸುಳ್ಳು ಹೇಳುತ್ತಿಲ್ಲವಲ್ಲ ಎಂಬ ಸಮಾಧಾನ ಬೇರೆ. ಸುಳ್ಳು ಹೇಳಲು ಕ್ಯಾಮೆರಾ ಇರುವಾಗ ಇವನೇಕೆ ಬಾಯಿ ನೋಯಿಸಿಕೊಳ್ಳಬೇಕು?

ಅವಳು ಅವನಿಗೆ ಒಂದು ಮಾತೂ ಬೈಯಲಿಲ್ಲ. ಅಂಕಿ ಇಳಿಸಿ ಇನ್ನೊಮ್ಮೆ ಸೀರೆ ತೆಗಿ, ನನ್ನ ಜನ ನೋಡಲಿ ಎಂದಳು. ಅವನು ಸೊನ್ನೆಗೆ ಇಳಿಸಿ ತೆಗೆದ. ಜೇನುಬಣ್ಣದ ಮೇಲೆ ನೀಲಿ ಗೋಪುರ, ಎಳೆಯ ಪಕ್ಕದಲ್ಲಿ ಏನೂ ಇಲ್ಲ. ಸೀರೆಯನ್ನು ತಿರುವಿ ಒಳಮೈಯನ್ನೂ ತೆಗೆಸಿದಳು. ಅಲ್ಲಿಯೂ ಅದೇ ಗೋಪುರ, ಅಷ್ಟೇ ಸ್ವಚ್ಛ. ಬರೆದುಕೊಂಡು ಹೊಲಿದವರ ಒಳಮೈ ಹೀಗೆ ಬರಲು ಸಾಧ್ಯವೇ ಇಲ್ಲ ಎಂದು ಆ ಹದಿನಾಲ್ಕು ಜನರಿಗೂ ಗೊತ್ತು. ಮೊದಲೂ ಗೊತ್ತಿತ್ತು. ಉಂಡಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವ್ಯಾಪಾರಿ ಚುರುಕಿನವನು. ಕೂಡಲೇ ಮಾತು ತಿರುಗಿಸಿದ. ಏನೋ ತಪ್ಪು ತಿಳುವಳಿಕೆ ಆಯಿತು ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎರಡು ವರ್ಷದ ಕೆಲಸ ನಿಮ್ಮದೇ ಎಂದ. ಹೆಂಗಸರ ಮುಖ ಅರಳಿತು. ಅವನು ವಿಡಿಯೊದವನ ಕಡೆ ತಿರುಗಿ, ಆದರೆ ಮಾರುವ ವಿಡಿಯೊ ಮಾತ್ರ ಏಳರದೇ ಇರಲಿ, ಸೊನ್ನೆಯದು ಸಪ್ಪೆ, ಯಾರೂ ಕೊಳ್ಳುವುದಿಲ್ಲ ಎಂದ. ನೋಡಿದವರು ಗೆರೆ ಕೆಲಸ ಎನ್ನುವುದಿಲ್ಲವೇ ಎಂದು ಅವಳು ಕೇಳಿದಳು. ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ ಎಂದ ಅವನು. ಅಷ್ಟು ಹತ್ತಿರದಿಂದ ನೋಡಿ, ಕೋಲು ಹಿಡಿದು, ಹದಿನಾಲ್ಕು ಜನರ ಎದುರು ಅವಳ ಮಾನ ತೆಗೆದವನು ಈ ಮಾತು ಹೇಳುವಾಗ ಅವನ ಮುಖದಲ್ಲಿ ಏನೂ ಅಲುಗಲಿಲ್ಲ.

ಅವಳು ಸೀರೆ ಮಡಿಸಿದಳು. ಮಡಿಕೆಯ ಮೇಲೆ ಮಡಿಕೆ ಕೂಡುವ ಹಾಗೆ, ಆತುರವಿಲ್ಲದೆ ಮಡಿಸಿದಳು. ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಅವಳ ಹಿಂದೆ ಬಂದರು. ಐವರು ಬರಲಿಲ್ಲ. ಅವರನ್ನು ಅವಳು ಆವತ್ತೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಅವರ ಮನೆಯಲ್ಲಿಯೂ ಒಲೆ ಉರಿಯಬೇಕು.

ಅಲ್ಲಿಗೆ ಮುಗಿಯಿತೇ? ಎಳೆ ಹಿಡಿದು ತೋರಿಸಿದಳು, ಗೆದ್ದಳು ಎಂದು ಎದ್ದು ಹೋಗೋಣ ಅನ್ನಿಸುತ್ತದೆ. ಆದರೆ ಅವಳನ್ನು ಕರೆಸುವ ಮೊದಲೇ, ನಡುವಿನ ಆ ಎಂಟು ದಿನದಲ್ಲಿ, ವ್ಯಾಪಾರಿ ನಾಲ್ಕು ಕಡೆ ಮಾತಾಡಿದ್ದ. ಆ ಓಣಿಯದೂ ಈಗ ಗೆರೆ ಕೆಲಸವಂತೆ ಎಂಬ ಸುದ್ದಿ ಮೂರು ಊರಿನ ಪೇಟೆಗೆ ಹೋಗಿ ಕೂತಿತ್ತು. ಸುದ್ದಿ ಹೋದ ಕಡೆಗೆಲ್ಲ ಎಳೆ ಹೋಗಲಿಲ್ಲ. ಎಳೆಯನ್ನು ಕಂಡವರು ಆ ಅಂಗಡಿಯಲ್ಲಿದ್ದ ಹದಿನಾರು ಜನ ಮಾತ್ರ. ಅದಾದ ಮೇಲೆ ಅವಳು ಯಾವ ಪೇಟೆಗೆ ಹೋದರೂ ಅಂಗಡಿಯವರು ಸೀರೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹೊಲಿಗೆಯ ಅಕ್ಕಪಕ್ಕ ಉಗುರಿನಿಂದ ಕೆರೆದು ನೋಡುತ್ತಿದ್ದರು. ಮೊದಲು ಯಾರೂ ತಿರುವಿ ನೋಡದಿದ್ದ ಕೆಲಸ ಅದು. ಉಗುರು ತಾಗಿ ಎಳೆ ಏಳುತ್ತಿತ್ತು. ಅವಳು ತುಟಿ ಕಚ್ಚಿ ನಿಂತು, ಕೆರೆಯುವುದು ಮುಗಿದ ಮೇಲೆ ಎದ್ದ ಎಳೆಯನ್ನು ಸೂಜಿಯಿಂದ ಕೂರಿಸಿಕೊಂಡು ಮನೆಗೆ ಬರುತ್ತಿದ್ದಳು. ಹೀಗೆ ಎಷ್ಟು ವರ್ಷ ಎಂದು ನಾನು ಲೆಕ್ಕ ಇಟ್ಟಿಲ್ಲ.

ಆ ಜೇನುಬಣ್ಣದ ಸೀರೆಯನ್ನು ಅವಳು ಯಾರಿಗೂ ಮಾರಲಿಲ್ಲ.

ಮಾಸ್ತರರ ಕತೆ ಇಲ್ಲಿಗೆ ನಿಂತಿತು. ಹೇಳುತ್ತಾ ಹೇಳುತ್ತಾ ಅವರ ದನಿ ಏರಿತ್ತು. ಅವರು ಚೊಂಬಿನ ನೀರು ಕುಡಿದು ಕೂತರು.

ಪದ್ಮಣ್ಣನಿಗೂ ಸಿಟ್ಟು ಬಂದಿತ್ತು. ಆ ವ್ಯಾಪಾರಿಯನ್ನು ಪೇಟೆಯ ನಡುವೆ ನಿಲ್ಲಿಸಿ ಕೇಳಬೇಕಾಗಿತ್ತು ಎಂದ. ಕತೆ ತನ್ನ ಪ್ರಶ್ನೆಗೆ ಬಂದ ಉತ್ತರ ಎಂಬುದು ಆಮೇಲೆ ನೆನಪಾಯಿತು. ಕತೆಯೊಳಗೆ ಉತ್ತರ ಎಲ್ಲಿದೆ ಎಂದು ಹುಡುಕಿದ. ಸಿಕ್ಕಿತು ಅನ್ನಿಸಿತು. ಸ್ವಲ್ಪ ಮುಂದಕ್ಕೆ ಬಾಗಿ ಕೂತ.

“ಹಂಗಾರ ಸೊನ್ನಿಗೆ ಇಡೂದ ಬರೋಬ್ಬರಿ ಅನ್ರಿ. ಆ ವಿಡಿಯೊದಾವ ಆಮ್ಯಾಲ ಎಷ್ಟಕ್ಕ ಇಟ್ಟ?”

ಮಾಸ್ತರರು ಟಿವಿ ಹಚ್ಚಿದರು. ಎರಡು ಮುಖಗಳು ಮತ್ತೆ ಅಕ್ಕಪಕ್ಕ ಬಂದವು. ನೀಲವೇಣಿ ವಾರ್ತೆ ಓದುತ್ತಿದ್ದಳು, ಒಂದು ಅಕ್ಷರವೂ ತಡವರಿಸದೆ. ಅವಳ ಕೆನ್ನೆಯ ಮೇಲೆ, ಹಣೆಯ ಮೇಲೆ, ತುಟಿಯ ಸುತ್ತ ಕ್ಯಾಮೆರಾ ಎಳೆದ ಗೆರೆಗಳು ಇದ್ದವು.

“ಅಂವ ಕ್ಯಾಮೆರಾ ಎಷ್ಟಕ್ಕ ಇಟ್ಟ ಅನ್ನೂದು ಇರಲಿ ಪದ್ಮಣ್ಣ, ನಿನ್ನೆ ಆ ಹುಡುಗಿ ಬಾಗಿಲಿಗೆ ಬಂದು ಕೇಳಿದಾಗ ನಿನ್ನ ನಾಲಿಗಿ ಎಷ್ಟರಾಗ ಇತ್ತು?”